ಆಚಾರ್ಯರ ಗಂಟು, ನನ್ನ ಉಳಿ

ಮೇಜಿನ ಮೇಲೆ ಈಗ ಕಾಣುತ್ತಿರುವ ಮರದ ತುಂಡು 19 ಮಿಲಿಮೀಟರ್ ಅಗಲ, ಅಷ್ಟೇ ದಪ್ಪ ಮತ್ತು 130 ಮಿಲಿಮೀಟರ್ ಉದ್ದವಿದೆ. ಮೈಯೆಲ್ಲ ಬೀಟೆ ಮರದ ಕಡುಗಂದು. ಒಂದು ತುದಿಗೆ ಸಮೀಪದಲ್ಲಿ ಮಾತ್ರ ಹಾಲೆ ಮರದ ಬಿಳಿಯ ಪಟ್ಟಿಗಳು ಓರೆಯಾಗಿ ಒಂದನ್ನೊಂದು ದಾಟಿಕೊಂಡು ಹೋಗಿವೆ. ಯಾರೋ ಕೈತಪ್ಪಿ ಗರಗಸ ಹಾಕಿ, ಆ ತಪ್ಪನ್ನು ಬಿಳಿ ಮರದಿಂದ ಮುಚ್ಚಿದ್ದಾರೆ ಎಂದು ನಿಮಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಮೊದಲ ಸಲ ನೋಡಿದಾಗ ನನಗೂ ಹಾಗೆಯೇ ಅನ್ನಿಸಿತ್ತು. ಪೆನ್ನು ಕಡೆಯುವವರು ಇಂಥ ತುಂಡನ್ನು ಬ್ಲ್ಯಾಂಕ್ ಎನ್ನುತ್ತಾರೆ. ಇದನ್ನು ಮಾಡಿದವರು ನಾನಲ್ಲ. ಮೈಸೂರಿನಲ್ಲಿ ಬೀಟೆ ಮರದೊಳಗೆ ಬೇರೆ ಬಣ್ಣದ ಚೂರುಗಳನ್ನು ಕೂರಿಸುವ ಇನ್‌ಲೇ ಕೆಲಸ ಮಾಡುವ ಹಿರಿಯರೊಬ್ಬರು ಮಾಡಿಕೊಟ್ಟರು. ಅವರು ಕ್ಯಾಮೆರಾದ ಮುಂದೆ ಬರಲು ಒಪ್ಪಲಿಲ್ಲ, ಹೆಸರನ್ನೂ ಹೇಳಬೇಡವೆಂದರು. ಆದ್ದರಿಂದ ಈ ವಿಡಿಯೊದಲ್ಲಿ ಅವರು ಆಚಾರ್ಯರು, ಅಷ್ಟೇ.

ನನ್ನ ಪೆನ್ನುಗಳನ್ನು ಕೈಯಲ್ಲಿ ಹಿಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ಪೆನ್ನಿನ ಮೈಮೇಲಿನ ಈ ಬಿಳಿ ಬಳ್ಳಿಯ ಗಂಟನ್ನು ಹೇಗೆ ಕೆತ್ತಿದಿರಿ? ಕೆತ್ತಿಲ್ಲ ಎಂದರೆ ಬಣ್ಣವೇ ಎಂದು ಕೇಳುತ್ತಾರೆ. ಬಣ್ಣವೂ ಅಲ್ಲ. ಈ ಗಂಟಿನ ಯೋಚನೆ, ಲೆಕ್ಕ ಮತ್ತು ಶ್ರಮ ಬಹುಪಾಲು ಆಚಾರ್ಯರದ್ದು. ಅದನ್ನು ಕೆಡಿಸದೆ ಹೊರಗೆ ತರುವುದು ನನ್ನ ಪಾಲಿನ ಕೆಲಸ. ಇಂಥ ತುಂಡನ್ನು ಬೇರೆಯವರಿಂದ ಕೊಂಡು ತಂದು, ಕಡೆದು, ಸಂಪೂರ್ಣವಾಗಿ ತನ್ನದೇ ಕೈಕೆಲಸವೆಂದು ಮಾರುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕಾಗಿಯೇ ಇವತ್ತಿನ ವಿಡಿಯೊವನ್ನು ಮರವನ್ನು ತಿರುಗಿಸಿ ಕಡೆಯುವ ನನ್ನ ಲೇತಿನಿಂದಲ್ಲ, ಅವರ ಕೆಲಸದ ಮನೆಯಿಂದ ಆರಂಭಿಸುತ್ತಿದ್ದೇನೆ.

ಕಳೆದ ಆಷಾಢದಲ್ಲಿ ನಾನು ಅಲ್ಲಿ ಐದು ದಿನ ಕುಳಿತು ನೋಡಿದೆ. ಪೆಟ್ಟಿಗೆ, ಚಿತ್ರಫಲಕ, ಕಾಲ್ಮಣೆಗಳನ್ನು ಮಾಡಿ ಮಿಕ್ಕ ಬೀಟೆಯ ತುಂಡುಗಳನ್ನು ಅವರು ಒಲೆಗೆ ಹಾಕುವುದಿಲ್ಲ. ಬೀಟೆ ಮೊದಲಿನಿಂದಲೂ ದುಬಾರಿ. 2017ರಲ್ಲಿ ಅದರ ಕುಲದ ಮರಗಳೆಲ್ಲ, ಅಳಿವಿನ ಭೀತಿಯ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಕಟ್ಟುಪಾಡಿಗೆ ಬಂದ ಮೇಲಂತೂ ಗೇಣುದ್ದದ ತುಂಡು ಕೂಡ ಅವರ ಲೆಕ್ಕದಲ್ಲಿ ಸಾಮಾನು. ಹಾಲೆ ಮರ ಬರುವುದು ಚನ್ನಪಟ್ಟಣದಿಂದ. ಅಲ್ಲಿನ ಬೊಂಬೆಗಳಿಗೆ ಬಳಸುವ, ಎಳೆ ಎದ್ದು ಕಾಣದ, ಬೆಣ್ಣೆಯ ಬಣ್ಣದ ಮರವೇ ಇದು. ಮೈಸೂರಿನ ಇನ್‌ಲೇ ಕೆಲಸಕ್ಕೂ ಚನ್ನಪಟ್ಟಣದ ಬೊಂಬೆಗಳಿಗೂ ಬೇರೆ ಬೇರೆಯಾಗಿ, ಆಯಾ ಊರಿನದೇ ಸರಕೆಂದು ಗುರುತಿಸುವ ಭೌಗೋಳಿಕ ಸೂಚಿಕೆಯ (ಜಿಐ) ಮನ್ನಣೆ ಇದೆ. ಈ ತುಂಡಿನಲ್ಲಿ ಆ ಎರಡೂ ಊರುಗಳ ಮರ ಒಂದಕ್ಕೊಂದು ಅಂಟಿಕೊಂಡಿದೆ.

ಆಚಾರ್ಯರು ಮೊದಲು ಬೀಟೆಯ ತುಂಡನ್ನು 45 ಡಿಗ್ರಿ ಓರೆಯಲ್ಲಿ ಕೊಯ್ಯುತ್ತಾರೆ, ಆದರೆ ಪೂರ್ತಿ ಕೊಯ್ಯುವುದಿಲ್ಲ. ಎರಡು ಭಾಗಗಳು ಬೇರೆಯಾಗಿ ಕದಲದಿರಲೆಂದು ಕೆಳಗೆ ಒಂದು ಮಿಲಿಮೀಟರಿನಷ್ಟು ಮರವನ್ನು ಉಳಿಸುತ್ತಾರೆ. ಗರಗಸ ತಿಂದ ಸಂದಿಗೆ ಸರಿಯಾಗುವಷ್ಟೇ ದಪ್ಪದ ಹಾಲೆಯ ಪಟ್ಟಿಯನ್ನು ಮಾಡಿಕೊಳ್ಳುವುದರಲ್ಲಿ ಅವರ ನಿಜವಾದ ಕಸುಬು ಕಾಣುತ್ತದೆ. ಪಟ್ಟಿಯ ಮೇಲೆ ಮರ ಹೆರೆಯುವ ಹತ್ತರಿಯನ್ನು ಒಮ್ಮೆ ಎಳೆದು, ಸಂದಿಗೆ ಇಟ್ಟು ನೋಡಿ, ತೆಗೆದು, ಮತ್ತೊಮ್ಮೆ ಎಳೆಯುತ್ತಾರೆ. ಹತ್ತರಿಯಿಂದ ಬರುವ ಸಿಪ್ಪೆ ಈರುಳ್ಳಿಯ ಒಳಪೊರೆಗಿಂತ ತೆಳು. ದಪ್ಪ ಉಳಿದರೆ ತುಂಡು ಬಾಗುತ್ತದೆ, ತೆಳುವಾದರೆ ಅಂಟು ತುಂಬಿದ ಗೆರೆ ಕಾಣುತ್ತದೆ. ಎಷ್ಟು ಬಿಗಿ ಇರಬೇಕು ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಹೀಗೆ: “ಬೆರಳಲ್ಲಿ ಒತ್ತಿದ್ರೆ ಹೋಗ್ಬೇಕು, ಸುತ್ತಿಗೆ ಕೇಳ್ಬಾರ್ದು. ತಲೆಕೆಳಗು ಮಾಡಿದ್ರೆ ಬೀಳ್ಬಾರ್ದು. ಅಷ್ಟೇನಪ್ಪ.”

ಅಂಟು ಹಾಕಿ ಕ್ಲಾಂಪ್ ಬಿಗಿದರೆ ಅವತ್ತಿನ ಕೆಲಸ ಮುಗಿಯಿತು. ಬೀಟೆಯಲ್ಲಿ ಎಣ್ಣೆಯ ಅಂಶ ಇರುವುದರಿಂದ ಅಂಟುವ ಮುಖಗಳನ್ನು ಮೊದಲು ಅಸಿಟೋನಿನಲ್ಲಿ ಒರೆಸುತ್ತಾರೆ. ಮರುದಿನ ಮೇಲೆ ಉಳಿದ ಪಟ್ಟಿಯನ್ನು ಸಮ ಮಾಡಿ, ತುಂಡನ್ನು ಕಾಲು ಸುತ್ತು ತಿರುಗಿಸಿ, ಹಿಂದಿನ ಕೊಯ್ತ ಇದ್ದ ಜಾಗದಲ್ಲಿಯೇ ಮತ್ತೆ ಓರೆಯಾಗಿ ಕೊಯ್ಯುತ್ತಾರೆ. ಈ ಎರಡನೆಯ ಕೊಯ್ತ ನಿನ್ನೆ ಕೂರಿಸಿದ ಪಟ್ಟಿಯನ್ನು ಸೀಳಿಕೊಂಡು ಹೋಗುತ್ತದೆ. ಹೀಗೆ ನಾಲ್ಕು ಮುಖಗಳಿಂದ ನಾಲ್ಕು ದಿನ ನಾಲ್ಕು ಪಟ್ಟಿಗಳು. ಐದನೆಯ ದಿನ ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ತುಂಡು ನನ್ನ ಕೈಗೆ ಬರುತ್ತದೆ.

ಇನ್ನು ನಾನು ಅದನ್ನು ಏನು ಮಾಡುತ್ತೇನೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ತುಂಡಿನ ಅಡ್ಡಕೊಯ್ತದ ವಿಸ್ತೀರ್ಣ 361 ಚದರ ಮಿಲಿಮೀಟರ್. ಒಳಗೆ ಹಿತ್ತಾಳೆಯ ಕೊಳವೆ ಕೂರಿಸಲು 7 ಮಿಲಿಮೀಟರಿನ ತೂತು ಕೊರೆಯುತ್ತೇನೆ. ಹೊರಗಿನಿಂದ ಕಡೆಯುತ್ತಾ ಬಂದು, ಪೆನ್ನಿನ ಹೊಟ್ಟೆಯ ಭಾಗದಲ್ಲಿ ಹೆಚ್ಚೆಂದರೆ 10 ಮಿಲಿಮೀಟರ್ ವ್ಯಾಸ ಉಳಿಸುತ್ತೇನೆ. ಉಳಿಯುವುದು ಸುಮಾರು 40 ಚದರ ಮಿಲಿಮೀಟರಿನ ಒಂದು ಬಳೆ. ಎಂದರೆ ಆಚಾರ್ಯರು ನಾಲ್ಕು ದಿನ ಅಂಟಿಸಿದ ಮರದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅರ್ಧ ಗಂಟೆಯಲ್ಲಿ ನನ್ನ ಕಾಲಬುಡದ ಹೊಟ್ಟಾಗುತ್ತದೆ. ಕಣ್ಣಿಗೆ ಕಾಣುವ ಗಂಟು ಇರುವುದು ಆ ಒಂದೂವರೆ ಮಿಲಿಮೀಟರ್ ದಪ್ಪದ ಗೋಡೆಯಲ್ಲಿ ಮಾತ್ರ. ತುದಿಗಳಲ್ಲಿ ಆ ಗೋಡೆಯೂ ಒಂದು ಮಿಲಿಮೀಟರಿಗಿಂತ ತೆಳುವಾಗುತ್ತದೆ. ಚೌಕದ ಮೇಲ್ಮೈಯಲ್ಲಿ ಗೆರೆ ಎಲ್ಲಿ ಕಾಣುತ್ತಿದೆ ಎಂಬುದು ಆಚಾರ್ಯರಿಗೆ ಲೆಕ್ಕಕ್ಕಿಲ್ಲ. ಮೇಲ್ಮೈಯಿಂದ ನಾಲ್ಕೂವರೆ ಮಿಲಿಮೀಟರ್ ಒಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಅದು ಎಲ್ಲಿರುತ್ತದೆ ಎಂಬ ಲೆಕ್ಕದ ಮೇಲೆ ಅವರು ಗರಗಸ ಹಿಡಿಯುತ್ತಾರೆ.

ಈಗ ಕೊರೆಯುವ ಕೆಲಸ. ಈ ಪೆನ್ನಿಗೆ ಎರಡು ಕೊಳವೆಗಳಿರುವುದರಿಂದ ತುಂಡನ್ನು ಎರಡಾಗಿ ಕೊಯ್ಯಬೇಕು. ಕೊಯ್ಯುವ ಮುಂಚೆ ಪೆನ್ಸಿಲಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದುಕೊಳ್ಳುತ್ತೇನೆ; ಇಲ್ಲದಿದ್ದರೆ ಜೋಡಿಸುವಾಗ ಮೇಲಿನ ಮರದ ಎಳೆಗೂ ಕೆಳಗಿನದಕ್ಕೂ ಹೊಂದಿಕೆ ತಪ್ಪುತ್ತದೆ. ಲೇತಿನ ವೇಗ ಕಡಿಮೆ ಇಟ್ಟು, ತೂತು ಕೊರೆಯುವ ಡ್ರಿಲ್ ಬಿಟ್ಟನ್ನು ಬೆರಳಿನಷ್ಟು ಒಳಗೆ ತಳ್ಳಿ, ಹೊರಗೆ ಎಳೆದು, ಹೊಟ್ಟು ಕೊಡವಿ, ಮತ್ತೆ ತಳ್ಳುವುದನ್ನು ನೀವು ನೋಡುತ್ತಿದ್ದೀರಿ. ಅವಸರ ಮಾಡಿದರೆ ಒಳಗೆ ಕಾವು ಏರುತ್ತದೆ, ಮರಗೆಲಸದ ಅಂಟು ಕಾವಿಗೆ ಮೆತ್ತಗಾಗುತ್ತದೆ, ಆಗ ಪಟ್ಟಿ ಬಾಯಿ ಬಿಡುತ್ತದೆ.

ನಾನು ಹಾಳು ಮಾಡಿದ ತುಂಡಿನ ಕತೆ ಮಾತ್ರ ಕಾವಿನದಲ್ಲ. ಎರಡನೆಯ ಸಲ ಆಚಾರ್ಯರು ಕೊಟ್ಟ ಮೂರರಲ್ಲಿ ಒಂದನ್ನು ಕೊರೆಯುವಾಗ ಡ್ರಿಲ್ ಬಿಟ್ ಒಳಗೆ ಎಲ್ಲೋ ಗಟ್ಟಿ ಎಳೆಗೆ ತಾಗಿ ಓರೆಯಾಗಿ ಹೋಯಿತು. ಇನ್ನೊಂದು ತುದಿಯಲ್ಲಿ ನಡುವಿನಿಂದ ಎರಡು ಮಿಲಿಮೀಟರಿನಷ್ಟು ಪಕ್ಕಕ್ಕೆ ಹೊರಬಂತು. ಒಂದೇ ಮರದ ತುಂಡಾಗಿದ್ದರೆ ಇದು ದೊಡ್ಡ ವಿಷಯವಲ್ಲ, ಏಕೆಂದರೆ ಕಡೆಯುವಾಗ ಮರ ಸುತ್ತುವುದು ಆ ತೂತನ್ನೇ ನಡುವಾಗಿಟ್ಟುಕೊಂಡು. ಹೊರಮೈ ತಾನಾಗಿ ಸರಿಹೋಗುತ್ತದೆ. ಅಂಟಿಸಿದ ತುಂಡಿನಲ್ಲಿ ಹಾಗಲ್ಲ. ನಾಲ್ಕು ಪಟ್ಟಿಗಳು ಕೂಡುವ ಬಿಂದು ಒಂದು ಕಡೆ, ನನ್ನ ತೂತು ಇನ್ನೊಂದು ಕಡೆ. ಕಡೆದು ಮುಗಿಸಿದಾಗ ಒಂದು ಪಕ್ಕದ ಕುಣಿಕೆ ಹಿಗ್ಗಿ, ಎದುರು ಪಕ್ಕದ್ದು ಮುದುಡಿ, ಒಂದೇ ಕಡೆ ಎಳೆದು ಕಟ್ಟಿದ ರಂಗೋಲಿಯಂತೆ ಕಂಡಿತು. ಅದನ್ನು ಅವರಿಗೆ ತೋರಿಸಲು ನನಗೆ ಎರಡು ವಾರ ಹಿಡಿಯಿತು.

ಅಂಟು ಹಿಡಿಯಲೆಂದು ಕೊಳವೆಯ ಹೊರಮೈಯನ್ನು ಸ್ಯಾಂಡ್‌ಪೇಪರಿನಿಂದ ತರಿ ಮಾಡಿ ತೂತಿಗೆ ಸೇರಿಸುತ್ತೇನೆ. ಆಗ ಅಂಟು ಕೊಳವೆಯ ಒಳಗೆ ನುಗ್ಗದಂತೆ ಅದರ ಬಾಯಿಯನ್ನು ಹಸಿ ಆಲೂಗಡ್ಡೆಯ ಹೋಳಿಗೆ ಒತ್ತಿದರೆ ಸಾಕು, ಬಿರಡೆ ತಾನಾಗಿ ಕೂರುತ್ತದೆ. ಇದು ಹಲವು ದೇಶಗಳ ಪೆನ್ನು ಕಡೆಯುವವರು ಮಾಡುವ ಉಪಾಯ. ನಮ್ಮ ಮನೆಯಲ್ಲಿ ಇದರಿಂದ ಆಗಿರುವುದೇನೆಂದರೆ, ತೂತು ಬಿದ್ದ ಆಲೂಗಡ್ಡೆಯನ್ನು ಪಲ್ಯಕ್ಕೆ ಹಾಕಕೂಡದು ಎಂದು ಅಮ್ಮ ಅದಕ್ಕೊಂದು ಬೇರೆ ಬುಟ್ಟಿ ಇಟ್ಟಿದ್ದಾರೆ.

ಮೊಸರು ಕಡೆಯುವುದಕ್ಕೂ ಮರ ಕಡೆಯುವುದಕ್ಕೂ ಕನ್ನಡದಲ್ಲಿ ಮಾತು ಒಂದೇ. ಹಗ್ಗ ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆದು ತಿರುಗಿಸುವ ಹಳೆಯ ಕೈಲೇತನ್ನು ನೋಡಿದವರಿಗೆ ಅದು ಸಹಜವೆನ್ನಿಸುತ್ತದೆ. ನನ್ನದು ಮೇಜಿನ ಮೇಲೆ ಕೂರುವ ಸಣ್ಣ ವಿದ್ಯುತ್ ಲೇತು. ಈಗ ನಿಮಿಷಕ್ಕೆ 2,000 ಸುತ್ತಿಗಿಂತ ಹೆಚ್ಚಿನ ವೇಗದಲ್ಲಿದೆ. ಮೊದಲು ದುಂಡು ಬಾಯಿಯ ಉಳಿಯಿಂದ ಮೂಲೆಗಳನ್ನು ಕಳೆಯುತ್ತೇನೆ, ಆಮೇಲೆ ಓರೆ ಅಲಗಿನ ಉಳಿ. ಇಲ್ಲಿ ದಯವಿಟ್ಟು ಬಿಳಿ ಪಟ್ಟಿಗಳನ್ನೇ ಗಮನಿಸಿ. ಕೊಯ್ತ 45 ಡಿಗ್ರಿಯದಾಗಿರುವುದರಿಂದ, ಒಂದೊಂದು ಸುತ್ತಿನ ಉದ್ದ ಆ ಕ್ಷಣದಲ್ಲಿ ಮರದ ವ್ಯಾಸ ಎಷ್ಟಿದೆಯೋ ಅಷ್ಟೇ ಇರುತ್ತದೆ. ಮರ 18 ಮಿಲಿಮೀಟರ್ ಇದ್ದಾಗ ಗಂಟು 18 ಮಿಲಿಮೀಟರ್ ಉದ್ದಕ್ಕೆ ಕೈಕಾಲು ಚಾಚಿ ಮಲಗಿರುತ್ತದೆ. 14ಕ್ಕೆ ಬಂದಾಗ ಮೈ ಮುದುಡಿಕೊಳ್ಳುತ್ತದೆ. 10ಕ್ಕೆ ಬಂದಾಗ ನಾಲ್ಕು ಸುತ್ತುಗಳೂ ಒತ್ತಾಗಿ ಹೆಣೆದುಕೊಂಡು ನಿಜವಾದ ಗಂಟಾಗುತ್ತದೆ. ತಿರುಗುವಾಗ ಅದು ಬರೀ ಮಸುಕಾದ ಬಿಳಿ ಪಟ್ಟೆ. ಪ್ರತಿ ಬಾರಿ ಲೇತು ನಿಲ್ಲಿಸಿದಾಗ ಒಂದು ಹೊಸ ಆಕಾರ ಕಾಣುತ್ತದೆ. ನಿಲ್ಲಿಸಿ ನೋಡುವ ಆಸೆಗೆ ನಾನು ಬೇಕಾದ್ದಕ್ಕಿಂತ ಹೆಚ್ಚು ಸಲ ನಿಲ್ಲಿಸುತ್ತೇನೆ.

ಸ್ಯಾಂಡ್‌ಪೇಪರ್ ಹಿಡಿದಾಗ ಬೇರೊಂದು ಕಷ್ಟ ಶುರುವಾಗುತ್ತದೆ. ಬೀಟೆಯ ಕಪ್ಪು ಧೂಳು ಹಾಲೆ ಮರದ ಸೂಕ್ಷ್ಮ ರಂಧ್ರಗಳಿಗೆ ಇಳಿದು, ಬಿಳಿಯ ಪಟ್ಟಿ ಕೊಳೆಯಾದ ಅಂಗಿಯ ಕಾಲರಿನಂತೆ ಆಗುತ್ತದೆ. ಅದನ್ನು ತೆಗೆಯಲು ಸ್ಪಿರಿಟಿನಲ್ಲಿ ಒರೆಸಿದರೆ ಇನ್ನೂ ಕೆಡುತ್ತದೆ, ಏಕೆಂದರೆ ಬೀಟೆಯ ಬಣ್ಣ ಸ್ಪಿರಿಟಿನಲ್ಲಿ ಕರಗಿ ಬಿಳಿಯೊಳಕ್ಕೆ ಹರಿಯುತ್ತದೆ. ಅದನ್ನು ಮಾಡಿಯೇ ಕಲಿತೆ. ಈಗ ಉಳಿಯಿಂದಲೇ ಆದಷ್ಟು ನುಣುಪು ತಂದು, ಸ್ಯಾಂಡ್‌ಪೇಪರನ್ನು ನುಣ್ಣನೆಯ 320ನೆಯ ನಂಬರಿನಿಂದ ಮಾತ್ರ ಆರಂಭಿಸಿ, ಪ್ರತಿ ಹಂತದಲ್ಲಿಯೂ ಲೇತು ನಿಲ್ಲಿಸಿ ಒಣ ಬ್ರಷ್ಷಿನಿಂದ ಧೂಳನ್ನು ಉದ್ದಕ್ಕೆ ಗುಡಿಸುತ್ತೇನೆ.

ಹೊಳಪಿಗೆ ಹೆಚ್ಚಿನವರು ಹಾಕುವುದು ಸೂಪರ್ ಗ್ಲೂ ಎಂದು ನಾವೆಲ್ಲ ಕರೆಯುವ ಅಂಟಿನ ಹಲವು ಪದರಗಳನ್ನು. ಅದು ಗಟ್ಟಿ, ಬೆವರಿಗೆ ಜಗ್ಗುವುದಿಲ್ಲ. ಆದರೆ ಕೈಗೆ ಪ್ಲಾಸ್ಟಿಕ್ ಹಿಡಿದಂತೆ ಇರುತ್ತದೆ, ಅದರ ಹೊಗೆಗೆ ಕಣ್ಣು ಉರಿಯುತ್ತದೆ. ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ಹಚ್ಚೋಣವೆಂದರೆ ಮತ್ತೆ ಅದೇ ಬಣ್ಣ ಹರಿಯುವ ಕಾಟ. ಇದಕ್ಕೆ ದಾರಿ ಹೊಳೆದದ್ದು ಚನ್ನಪಟ್ಟಣದವರ ಪದ್ಧತಿಯಿಂದ. ಅವರು ಅರಗನ್ನು ಯಾವುದರಲ್ಲಿಯೂ ಕರಗಿಸುವುದಿಲ್ಲ. ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ, ಉಜ್ಜುವ ಕಾವಿಗೆ ಅದು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ಕೇದಗೆಯ ಗರಿ ಹಿಡಿದರೆ ಪದರ ಸಮನಾಗಿ ಹರಡಿ ಹೊಳೆಯುತ್ತದೆ. ನಾನು ಬಣ್ಣ ಬೆರೆಸದ ಅರಗನ್ನು ಬಳಸುತ್ತೇನೆ. ಅಂಟಿಗೆ ಕಾವು ತಗಲದಿರಲೆಂದು ಒಂದು ಉಸಿರಿನಷ್ಟು ಹೊತ್ತು ಒತ್ತಿ ಬಿಟ್ಟುಬಿಡುತ್ತೇನೆ. ಮೊದಲ ಮೂರು ಪೆನ್ನುಗಳಲ್ಲಿ ಅರಗು ಗಂಟುಗಂಟಾಗಿ ನಿಂತಿತು. ವರ್ಷಗಟ್ಟಲೆ ಬೆವರಿನ ಕೈಯಲ್ಲಿ ಆಡಿದರೆ ಇದು ಮಂಕಾಗುತ್ತದೆ ಎಂದು ಕೊಳ್ಳುವವರಿಗೆ ಮೊದಲೇ ಹೇಳುತ್ತೇನೆ. ಮಂಕಾದಾಗ ತಂದುಕೊಟ್ಟರೆ ಮತ್ತೆ ಹಚ್ಚಿಕೊಡುತ್ತೇನೆ.

ಜೋಡಣೆಗೆ ಹೆಚ್ಚು ಹೊತ್ತು ಬೇಡ. ತುದಿ, ರೀಫಿಲ್ಲನ್ನು ಒಳಗೆ ಹೊರಗೆ ತಿರುಗಿಸುವ ಯಂತ್ರ, ನಡುವಿನ ಉಂಗುರ, ಕ್ಲಿಪ್ ಎಲ್ಲವನ್ನೂ ಮೇಜಿನ ವೈಸಿನಲ್ಲಿ, ಎಂದರೆ ತಿರುಪಿನಿಂದ ಬಿಗಿಯುವ ಇಕ್ಕಳದಲ್ಲಿ, ಇಟ್ಟು ನಿಧಾನವಾಗಿ ಒತ್ತುತ್ತೇನೆ. ಯಂತ್ರವನ್ನು ಒಂದು ಕೂದಲಿನಷ್ಟು ಹೆಚ್ಚು ಒತ್ತಿದರೂ ರೀಫಿಲ್ಲಿನ ಮೂತಿ ಒಳಗೆ ಹೋಗದೆ ಜೇಬಿಗೆ ಮಸಿ ಬಳಿಯುತ್ತದೆ.

ಮುಗಿಸಿದ ಪೆನ್ನನ್ನು ಆಚಾರ್ಯರಿಗೆ ಒಯ್ದಾಗ ಅವರು ಬರೆದು ನೋಡಲಿಲ್ಲ. ಬಾಗಿಲ ಬೆಳಕಿಗೆ ಹಿಡಿದು ಮೆಲ್ಲನೆ ತಿರುಗಿಸಿದರು. ಪಟ್ಟಿಗಳು ಒಂದನ್ನೊಂದು ದಾಟುವಲ್ಲಿ ಕೂದಲಿನಂಥ ಒಂದು ಸಂದು ಇರುತ್ತದೆ, ಆಮೇಲೆ ಬಂದ ಪಟ್ಟಿ ಮುಂಚಿನದನ್ನು ಕತ್ತರಿಸಿದ ಗುರುತು ಅದು. ಅವರು ಉಗುರನ್ನು ಒಂದು ಸುತ್ತಿನ ಮೇಲೆ ಇಟ್ಟು ಪೂರ್ತಿ ತಿರುಗಿಸಿದರು. ಎಲ್ಲಿಯೂ ಸಂದು ಸಿಗಲಿಲ್ಲ. “ಇದು ಕಡೇ ದಿನ ಕೂರಿಸಿದ್ದು” ಎಂದರು. ಇನ್ನೊಂದು ಸುತ್ತನ್ನು ಹಿಡಿದರು. ಅದು ದಾಟುವೆಡೆಯಲ್ಲೆಲ್ಲ ತುಂಡಾಗಿತ್ತು. “ಇದು ಸೋಮವಾರದ್ದು. ಅವತ್ತು ಮಳೆ, ಅಂಟು ಒಣಗಲೇ ಇಲ್ಲ. ಬಿಟ್ಕೊಂಡಿಲ್ವಲ್ಲ, ಪರವಾಗಿಲ್ಲ.”

ಆಮೇಲೆ ನಾನು ಜೇಬಿನಿಂದ ಆ ಹಾಳಾದ ಪೆನ್ನನ್ನೂ ತೆಗೆದು ಕೊಟ್ಟೆ. ಅದನ್ನು ಅವರು ಇನ್ನೂ ಹೆಚ್ಚು ಹೊತ್ತು ನೋಡಿದರು. “ನಡು ಎಲ್ಲಿದೆ ಅಂತ ನೀನು ಹೆಂಗೆ ಗುರುತು ಮಾಡ್ಕೋತೀಯ?” ಎಂದು ಕೇಳಿದರು. ಮೂಲೆಯಿಂದ ಮೂಲೆಗೆ ಗೆರೆ ಎಳೆಯುತ್ತೇನೆ ಆಚಾರ್ರೇ ಎಂದೆ. ನಾಲ್ಕು ಸಲ ಹತ್ತರಿ ಹಾಕಿದ ಮೇಲೆ ತುಂಡು ಸರಿಯಾದ ಚೌಕವಾಗಿ ಉಳಿದಿರುವುದಿಲ್ಲ, ಮೂಲೆಯ ಗೆರೆಗಳು ಕೂಡುವ ಜಾಗ ಪಟ್ಟಿಗಳು ಕೂಡುವ ಜಾಗವಲ್ಲ ಎಂದು ಅವರು ಹೇಳುವವರೆಗೂ ತಪ್ಪೆಲ್ಲ ನನ್ನ ಬಿಟ್ಟಿನದೇ ಎಂದು ನಾನು ನಂಬಿದ್ದೆ. ಮುಂದಿನ ತಿಂಗಳು ಬಂದ ಪತ್ರಿಕೆಯ ಪೊಟ್ಟಣದಲ್ಲಿ ಆರು ತುಂಡುಗಳಿದ್ದವು. ಪ್ರತಿಯೊಂದರ ಎರಡೂ ತುದಿಗಳಲ್ಲಿ, ಮೊಳೆಯ ಮೊನೆಯಿಂದ ಕುಟ್ಟಿದ ಒಂದೊಂದು ಸಣ್ಣ ಚುಕ್ಕೆ ಇತ್ತು.