ಸಂಬಳ 16 ಸಾವಿರ ಜಾಸ್ತಿ, ಉಳಿಯೋದು 500

ಬೆಳಗ್ಗೆ ಆರೂವರೆ, ಮಂಡ್ಯ. ಹಿಂದೆ ಕೇಳಿಸುತ್ತಿರುವುದು ಅಮ್ಮ ಹಿತ್ತಲಲ್ಲಿ ಕಾಯಿ ಸುಲಿಯುವ ಸದ್ದು. ಇದು ನನ್ನ ಲೆಕ್ಕದ ಪುಸ್ತಕ. ಎಡಗಡೆ ಪುಟದಲ್ಲಿ ಅಮ್ಮನ ಚೀಟಿ ಲೆಕ್ಕ ಇದೆ, ಅದನ್ನು ನೋಡಬೇಡಿ.

ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ. ಇಲ್ಲಿ 30 ಸಾವಿರ, ಅಲ್ಲಿ 46. ಕೇಳಿದವರೆಲ್ಲ 'ಇನ್ನೇನು ಯೋಚನೆ, ಹೊರಡು' ಅಂದರು. ನಾನೂ ಎರಡು ದಿನ ಕುಣಿದೆ. ಮೂರನೇ ದಿನ ಕೆಂಗೇರಿಗೆ ಮನೆ ನೋಡಲು ಹೋದೆ.

ಒಂದು ರೂಮು, ಒಂದು ಹಾಲ್. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಹೊರಗೆ ಬರಬೇಕು. ಬಾಡಿಗೆ 14 ಸಾವಿರ, ಮೇಂಟೆನೆನ್ಸ್ ಒಂದೂವರೆ. ಇಲ್ಲಿ ಸ್ವಂತ ಮನೆ, ಬಾಡಿಗೆ ಅನ್ನೋ ಖರ್ಚೇ ಇಲ್ಲ. ಜಾಸ್ತಿ ಸಿಗೋ 16 ಸಾವಿರದಲ್ಲಿ ಇದನ್ನು ಕಳೆಯಿರಿ. ಉಳಿದದ್ದು 500 ರೂಪಾಯಿ!

ಅಡ್ವಾನ್ಸ್ ಒಂದು ಲಕ್ಷ ಬೇರೆ. ವಾಪಸ್ ಬರುತ್ತೆ ಅಲ್ವಾ ಅಂತೀರಿ. ಬರುತ್ತೆ, ಪೂರ್ತಿ ಬರಲ್ಲ. ಮನೆ ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದ ನನ್ನ ಗೆಳತಿಗೂ ಹಿಡಿದರು.

ಹಾಲಿನ ಚಿಂತೆ ಇಲ್ಲ, ನಂದಿನಿ ಪ್ಯಾಕೆಟ್ ಬೆಲೆ ಅಲ್ಲೂ ಇಲ್ಲೂ ಒಂದೇ. ನೀರಿನ ಕಥೆಯೇ ನನಗೆ ನಗು ತರಿಸಿದ್ದು. ಆ ಬಿಲ್ಡಿಂಗ್‌ಗೆ ಬೋರ್‌ವೆಲ್ ನೀರು. ಕುಡಿಯೋಕೆ ಕ್ಯಾನ್ ತರಿಸಬೇಕು. ಬೆಂಗಳೂರಿಗೆ ಕಾವೇರಿ ನೀರು ಹೋಗುವುದು ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್, ಪಂಪ್ ಮಾಡಿ ಮೇಲೆತ್ತಿಕೊಂಡು. 2024ರ ಅಕ್ಟೋಬರ್‌ನಲ್ಲಿ ಆ ಕಾವೇರಿ ನೀರಿನ ಯೋಜನೆಯ ಐದನೇ ಹಂತವೂ ಶುರುವಾಯಿತು. ನಮ್ಮ ಜಿಲ್ಲೆ ದಾಟಿ ಹೋದ ನೀರು ಆ ಮನೆ ನಲ್ಲಿಗೆ ಮಾತ್ರ ಇನ್ನೂ ಬಂದಿಲ್ಲ.

ಇನ್ನು ಓಡಾಟ. ಶಕ್ತಿ ಯೋಜನೆ ಇರೋದರಿಂದ ಕೆಂಪು ಬಸ್ಸಲ್ಲಿ ಊರಿಗೆ ಬಂದುಹೋಗೋಕೆ ನಾನು ದುಡ್ಡು ಕೊಡಬೇಕಿಲ್ಲ. ಭಾನುವಾರ ಸಂಜೆ ಸೀಟೂ ಇರಲ್ಲ, ಅದು ಬೇರೆ ಮಾತು. ಮೆಟ್ರೊಗೆ ಆ ಭಾಗ್ಯ ಇಲ್ಲ. 2025ರ ಫೆಬ್ರವರಿಯಲ್ಲಿ ದರ ಏರಿದಾಗ ಅತಿ ಜಾಸ್ತಿ ದರ 60ರಿಂದ 90 ರೂಪಾಯಿಗೆ ಹೋಯಿತು. ಅಂದರೆ ಆ 500 ರೂಪಾಯಿ ಒಂದೇ ವಾರದಲ್ಲಿ ಖಾಲಿ.

ಮಂಡ್ಯದ ಎಷ್ಟೋ ಜನ ಮನೆ ಬಿಡದೆ ದಿನಾ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿಯುತ್ತಾರೆ. ಸೀಸನ್ ಟಿಕೆಟ್, ಇಸ್ಪೀಟು, ಹಂಚಿಕೊಂಡು ತಿನ್ನೋ ಚಿತ್ರಾನ್ನ. ಬಾಡಿಗೆಗೆ ಹೋಲಿಸಿದರೆ ಟಿಕೆಟ್ ದುಡ್ಡು ಲೆಕ್ಕಕ್ಕೇ ಇಲ್ಲ. ಆದರೆ ದಿನಕ್ಕೆ ನಾಲ್ಕು ಗಂಟೆ ರೈಲಲ್ಲೇ ಹೋಗುತ್ತೆ. ಅದನ್ನು ಯಾವ ಕಾಲಂನಲ್ಲಿ ಬರೆಯಲಿ?

ಕಾಯಿಯನ್ನೂ ಹೇಗೆ ಬರೆಯೋದು ಗೊತ್ತಾಗಲಿಲ್ಲ. ಮರ ನಮ್ಮದು, ಕೊಂಡು ಅಭ್ಯಾಸವೇ ಇಲ್ಲ. ಅಮ್ಮನನ್ನು ಕೇಳಿದೆ. 'ತಿಂಗಳಿಗೆ ಇಪ್ಪತ್ತು ಕಾಯಿ ಬೇಕು ಕಣೆ, ಅಂಗಡಿ ರೇಟ್ ಹಾಕ್ಕೊ' ಅಂದಳು. ಹಾಕಿ ನೋಡಿ ಪುಸ್ತಕ ಮುಚ್ಚಿದೆ.

ನಿನ್ನೆ ಎಚ್‌ಆರ್‌ಗೆ ಫೋನ್ ಮಾಡಿ ಇನ್ನೂ ಎಂಟು ಸಾವಿರ ಕೇಳಿದೆ. ಕೇಳುವಾಗ ಗಂಟಲು ಒಣಗಿತ್ತು. ಸೋಮವಾರ ಹೇಳ್ತೀವಿ ಅಂದಿದ್ದಾರೆ. ಅಮ್ಮ ಮಾತ್ರ ಆಗಲೇ ಎರಡು ಗೋಣಿಚೀಲ ಒಗೆದು ಒಣಹಾಕಿದ್ದಾಳೆ, ಕಾಯಿ ತುಂಬೋಕೆ.