ಕತೆಯೊಳಗೆ ಕೇಳಬೇಕಾದ ಒಲೆಯ ಸದ್ದು

ಕೇಳುಗರಿಗೆ ನಮಸ್ಕಾರ. ಮನೆಯ ಅಡುಗೆಯನ್ನು ಕುರಿತ ಸಣ್ಣಕತೆಗಳಲ್ಲಿ ಮೇಲಿಂದ ಮೇಲೆ ಎದುರಾಗುವ ವಾಕ್ಯವೊಂದಿದೆ: 'ಅಡುಗೆಮನೆಯಿಂದ ಘಮಘಮ ಪರಿಮಳ ಬರುತ್ತಿತ್ತು.' ಇದನ್ನು ಓದಿದಾಗ ನನ್ನ ಮೂಗಿಗೆ ಏನೂ ತಾಗುವುದಿಲ್ಲ. ಆ ಪರಿಮಳ ಯಾವುದರದು, ಯಾರಿಗೆ ಮೊದಲು ತಿಳಿಯಿತು ಎಂಬುದನ್ನು ಬಿಟ್ಟು, ಅದು ಚೆನ್ನಾಗಿತ್ತೆಂಬ ತಮ್ಮ ತೀರ್ಪನ್ನಷ್ಟೇ ಕತೆಗಾರರು ನಮಗೆ ಕೊಟ್ಟಿರುತ್ತಾರೆ.

ಈರುಳ್ಳಿ ಹುರಿಯುವ ಒಂದೇ ಕೆಲಸವನ್ನು ನೋಡೋಣ. ಹೆಚ್ಚಿದ ಈರುಳ್ಳಿ ಕಾದ ಎಣ್ಣೆಗೆ ಬಿದ್ದೊಡನೆ ಚುರ್ರೆನ್ನುವುದು ಅದರೊಳಗಿನ ನೀರು ಆವಿಯಾಗಿ ಹೊರಚಿಮ್ಮುವುದರಿಂದ. ಆ ಪಸೆ ಇರುವವರೆಗೆ ಈರುಳ್ಳಿಯ ಬಿಸಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ನಿಂತಿರುತ್ತದೆ. ಪಸೆ ಆರುತ್ತ ಬಂದಂತೆ ಸದ್ದು ಸಣ್ಣಗಾಗಿ, ಬಿಸಿ ಏರಿ, ಸುಮಾರು 140 ಡಿಗ್ರಿಯ ಹೊತ್ತಿಗೆ ಅದು ಬೇಗಬೇಗನೆ ಕೆಂಪಾಗತೊಡಗುತ್ತದೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೂಯಿ ಕಮಿಲ್ ಮಯಾರ್ 1912ರಲ್ಲಿ ವಿವರಿಸಿದ, ಸಕ್ಕರೆ ಮತ್ತು ಅಮೈನೋ ಆಮ್ಲಗಳ ನಡುವಿನ ಕ್ರಿಯೆಗೆ ಇದರಲ್ಲಿ ದೊಡ್ಡ ಪಾಲಿದೆ. ಘಾಟು ಅಡಗಿ ಸಿಹಿವಾಸನೆ ಏಳುವುದೂ ಆಗಲೇ. ಅಲ್ಲಿಂದ ಸೀಯುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಕತೆಗಾರರಿಗೆ ಬೇಕಾದದ್ದು ಈ ಬದಲಾವಣೆಯ ಗಳಿಗೆ.

ಪಕ್ಕದ ಕೋಣೆಯಲ್ಲಿ ಮಗಳೊಬ್ಬಳು ಪುಸ್ತಕದ ಪುಟ ತಿರುವುತ್ತ ಕೂತಿದ್ದಾಳೆಂದು ಇಟ್ಟುಕೊಳ್ಳಿ. ಬಾಣಲೆಯ ಸದ್ದು ಸಣ್ಣಗಾಗುತ್ತದೆ. ದಿನವೂ ಇಷ್ಟು ಹೊತ್ತಿಗೆ ಕೇಳಬೇಕಾದ ಸೌಟಿನ ಸದ್ದು ಇಂದು ಕೇಳುವುದಿಲ್ಲ. ಸಿಹಿಯಾಗಿದ್ದ ವಾಸನೆಗೆ ಕಹಿಯ ಎಳೆಯೊಂದು ಸೇರಿಕೊಳ್ಳುತ್ತದೆ, ಮಗಳ ಬೆರಳು ಪುಟದ ಮೇಲೆಯೇ ನಿಲ್ಲುತ್ತದೆ. ಅಮ್ಮ ಒಲೆಯ ಮುಂದೆ ನಿಂತಿದ್ದರೂ ಅವಳ ಮನಸ್ಸು ಅಲ್ಲಿಲ್ಲವೆಂಬುದು ಮಗಳಿಗೂ ಓದುವವರಿಗೂ ಒಟ್ಟಿಗೆ ತಿಳಿಯುತ್ತದೆ. 'ಅಮ್ಮ ಚಿಂತೆಯಲ್ಲಿದ್ದಳು' ಎಂದು ಬರೆಯುವ ಅಗತ್ಯವೇ ಬೀಳುವುದಿಲ್ಲ. ಚುರ್ರೆನ್ನುವುದಕ್ಕೆ, ಕೊತಕೊತ ಕುದಿಯುವುದಕ್ಕೆ, ಚಟಪಟ ಸಿಡಿಯುವುದಕ್ಕೆ ಬೇರೆಬೇರೆ ಮಾತುಗಳಿರುವ ನಮ್ಮ ಭಾಷೆಯಲ್ಲಿ, ಸದ್ದು ನಿಂತುಹೋದದ್ದನ್ನು ಬರೆಯುವವರು ಕಡಿಮೆ ಎಂಬುದು ನನ್ನನ್ನು ಬಹಳ ಕಾಡಿದೆ.

ಇನ್ನು ನೆನಪಿನ ಮಾತು. ಉಳಿದ ಇಂದ್ರಿಯಗಳ ಸಂದೇಶಗಳು ಮಿದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಮುಂದೆ ಹೋದರೆ, ವಾಸನೆಯ ಸಂದೇಶಗಳು ಅದನ್ನು ಹಾಯದೆಯೇ ಭಾವನೆ ಮತ್ತು ನೆನಪುಗಳಿಗೆ ಸಂಬಂಧಪಟ್ಟ ಭಾಗಗಳನ್ನು ತಲುಪಬಲ್ಲವು. ಹೀಗಿರುವಾಗ, ಎಷ್ಟೋ ವರ್ಷಗಳ ಮೇಲೆ ಅದೇ ಮಗಳ ಬಾಣಲೆಯಲ್ಲಿ ಈರುಳ್ಳಿ ಸೀದರೆ, ಹಳೆಯ ದಿನವನ್ನು ಎರಡು ಪುಟ ವಿವರಿಸುವುದು ನನಗೆ ಸರಿಯೆನಿಸುವುದಿಲ್ಲ. ಅವಳ ಕೈ ತಟ್ಟನೆ ಉರಿ ತಗ್ಗಿಸಲಿ, ಕಿವಿ ಪಕ್ಕದ ಕೋಣೆಯತ್ತ ಹೊರಳಲಿ. ಅಲ್ಲಿ ಅಷ್ಟು ಹೊತ್ತು ಓದಿಕೊಳ್ಳುತ್ತಿದ್ದ ಅವಳ ಮಗು ಪುಟ ತಿರುವುವುದನ್ನು ನಿಲ್ಲಿಸಿದೆ.