ಪತ್ರವಿಲ್ಲದ ಕೈಗಡ: ನಷ್ಟದ ದಿನಗಳಲ್ಲಿ ಗಗನಸಖಿಯರ ವೇತನ ಒಪ್ಪಂದ

(ದಾವಣಗೆರೆಯಲ್ಲಿ ಕಾರ್ಮಿಕ ದಿನಾಚರಣೆಯ ಅಂಗವಾಗಿ ನೀಡಿದ ಉಪನ್ಯಾಸ)

ಸಭಿಕರೆ,

ವಿಮಾನ ನಿಲ್ದಾಣವೇ ಇಲ್ಲದ ಊರಿನಲ್ಲಿ ವಿಮಾನ ಸಿಬ್ಬಂದಿಯ ವೇತನ ಒಪ್ಪಂದದ ಮೇಲೆ ಉಪನ್ಯಾಸವೇ ಎಂದು ಕರಪತ್ರ ಓದಿದ ಕೆಲವರು ನಕ್ಕರಂತೆ. ನಗಲಿ. ಆದರೆ ಇಲ್ಲಿ ಕುಳಿತ ಹಿರಿಯರಲ್ಲಿ ಹಲವರು ಹತ್ತಿ ಗಿರಣಿಯ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡವರು. ಗಿರಣಿ ಕಾರ್ಮಿಕರ ನಾಯಕ ಪಂಪಾಪತಿಯವರನ್ನು ವಿಧಾನಸಭೆಗೆ ಕಳುಹಿಸಿದ ಊರು ಇದು. ‘ಈ ವರ್ಷ ನಷ್ಟ, ಸ್ವಲ್ಪ ಬಿಟ್ಟುಕೊಡಿ’ ಎಂದು ಆಡಳಿತ ಮಂಡಳಿ ಕೇಳಿದಾಗ ಸಂಘ ಏನು ಹೇಳಬೇಕು ಎಂಬ ಪ್ರಶ್ನೆ ನಮಗೆ ಹೊಸದಲ್ಲ. ಅದೇ ಪ್ರಶ್ನೆಯನ್ನು ವಿಮಾನದೊಳಗಿನ ಸಿಬ್ಬಂದಿ ಹೇಗೆ ಎದುರಿಸಿದ್ದಾರೆ ಎಂಬುದನ್ನು ಇಂದು ನೋಡೋಣ.

ಮೊದಲು ಕೆಲಸದ ಹೊತ್ತನ್ನು ಲೆಕ್ಕ ಹಾಕೋಣ. ನಮ್ಮ ಬೀದಿಯ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಈ ಕೆಲಸದಲ್ಲಿದ್ದಾಳೆ. ಕಳೆದ ದೀಪಾವಳಿಗೆ ಬಂದಾಗ ಒಂದು ಸಣ್ಣ ಪಾಕೆಟ್ ಪುಸ್ತಕ ತೋರಿಸಿದಳು. ಒಂದು ದಿನದ ಸಾಲು ಹೀಗಿತ್ತು: ಬೆಳಗಿನ ಜಾವ 3ಕ್ಕೆ ಮನೆ ಬಾಗಿಲಿಗೆ ಕ್ಯಾಬು, 4.15ಕ್ಕೆ ಹಾಜರಿ, ಮೂರು ಹಾರಾಟ, ಮಧ್ಯಾಹ್ನ 1.30ಕ್ಕೆ ಮರಳಿ ಮನೆ. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ‘4.50’. ‘ದೊಡ್ಡಪ್ಪ, ಹಾರಾಟದ ಭತ್ಯೆ ಈ ನಾಲ್ಕು ಗಂಟೆ ಐವತ್ತು ನಿಮಿಷಕ್ಕೆ ಮಾತ್ರ’ ಎಂದಳು. ಪ್ರಯಾಣಿಕರನ್ನು ಹತ್ತಿಸುವುದು, ಚೀಲಗಳನ್ನು ಮೇಲೆ ತುರುಕುವುದು, ತಡವಾದ ವಿಮಾನದಲ್ಲಿ ಬೈಗುಳ ಕೇಳುತ್ತ ನಿಲ್ಲುವುದು, ಇವೆಲ್ಲ ಚಕ್ರ ಉರುಳುವ ಮುಂಚಿನ ಕೆಲಸ. ಹಾರಾಟದ ಗಂಟೆಯ ಲೆಕ್ಕಕ್ಕೆ ಅವು ಬರುವುದಿಲ್ಲ. ಗಿರಣಿಯಲ್ಲಿ ಗೇಟು ದಾಟಿದ ಕ್ಷಣದಿಂದ ಪಾಳಿ ಶುರುವಾಗುತ್ತಿತ್ತು. ಮಗ್ಗ ತಿರುಗಲಿ, ನಿಲ್ಲಲಿ, ಹಾಜರಿ ಹಾಜರಿಯೇ.

ಈ ಪದ್ಧತಿ ಜಗತ್ತಿನ ಬಹುಭಾಗದಲ್ಲಿ ಇದೆ. ಅಮೆರಿಕದ ಡೆಲ್ಟಾ ಕಂಪನಿ 2022ರಲ್ಲಿ ಪ್ರಯಾಣಿಕರು ಹತ್ತುವ ಹೊತ್ತಿಗೂ ಅರ್ಧ ದರದಲ್ಲಿ ಕೂಲಿ ಕೊಡಲು ಆರಂಭಿಸಿದಾಗ ಅದೇ ಒಂದು ಸುದ್ದಿಯಾಯಿತು. ಅಲ್ಲಿನ ಸಿಬ್ಬಂದಿಗೆ ಸಂಘವೇ ಇರಲಿಲ್ಲ, ಸಂಘ ಕಟ್ಟುವ ಪ್ರಯತ್ನ ಮಾತ್ರ ನಡೆದಿತ್ತು ಎಂಬುದನ್ನು ಗಮನಿಸಿ. ಸಂಘ ಬರಬಹುದೆಂಬ ಭಯವೂ ಕೆಲವೊಮ್ಮೆ ಸಂಬಳ ಹೆಚ್ಚಿಸುತ್ತದೆ ಎಂದು ನನಗನಿಸುತ್ತದೆ. 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ ಹತ್ತು ಸಾವಿರಕ್ಕೂ ಹೆಚ್ಚು ಗಗನಸಖಿಯರು ಮತ್ತು ಗಗನಸಖರು ನೆಲದ ಮೇಲಿನ ಈ ಹೊತ್ತಿನ ಕೂಲಿಯನ್ನೇ ಮುಖ್ಯ ಬೇಡಿಕೆಯಾಗಿಸಿ ಮುಷ್ಕರ ಹೂಡಿದರು. ಸರ್ಕಾರ ಅದೇ ದಿನ ಕೆಲಸಕ್ಕೆ ಮರಳಲು ಆದೇಶ ಹೊರಡಿಸಿತು, ಸಂಘ ಮಣಿಯಲಿಲ್ಲ, ನಾಲ್ಕನೆಯ ದಿನಕ್ಕೆ ರಾಜಿಯಾಯಿತು.

ಇನ್ನು ಕಂಪನಿಗಳ ನಷ್ಟದ ಮಾತು. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳಕ್ಕೆ ಬೆಲೆ ಬಾರದಿದ್ದರೆ ಗೋದಾಮಿನಲ್ಲಿಟ್ಟು ಕಾಯಬಹುದು. ಹಾರಿಹೋದ ವಿಮಾನದ ಖಾಲಿ ಸೀಟನ್ನು ನಾಳೆ ಮಾರಲಾಗದು. ಇಂಧನದ ಬೆಲೆ ಕಂಪನಿಯ ಕೈಯಲ್ಲಿಲ್ಲ, ವಿಮಾನದ ಬಾಡಿಗೆಯನ್ನು ಡಾಲರಿನಲ್ಲಿ ಕಟ್ಟಬೇಕು, ನಿಲ್ದಾಣದ ಶುಲ್ಕವನ್ನು ಬೇರೆಯವರು ನಿಗದಿಪಡಿಸುತ್ತಾರೆ. ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿತು, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿತು. ಮೊದಲೆರಡರಲ್ಲಿ ನೌಕರರು ಬಾಕಿ ಸಂಬಳಕ್ಕಾಗಿ ಬೀದಿಗಿಳಿದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಇಷ್ಟು ಖರ್ಚುಗಳ ನಡುವೆ ಆಡಳಿತದ ಕೈಗೆ ಎಟುಕುವ ಕೊಂಬೆ ಸಂಬಳವೊಂದೇ. ಹೀಗಾಗಿ ಕತ್ತರಿ ಮೊದಲು ಅಲ್ಲಿಗೇ ಬೀಳುತ್ತದೆ.

ಅಮೆರಿಕದಲ್ಲಿ ಈ ಚೌಕಾಸಿ ನಡೆಯುವುದು 1926ರ ರೈಲ್ವೆ ಕಾರ್ಮಿಕ ಕಾಯ್ದೆಯಡಿ. 1936ರಲ್ಲಿ ಅದನ್ನು ವಿಮಾನಗಳಿಗೂ ವಿಸ್ತರಿಸಿದರು. ಅದರ ಗುಟ್ಟೆಂದರೆ ಒಪ್ಪಂದದ ಅವಧಿ ಮುಗಿದರೂ ಒಪ್ಪಂದ ಸಾಯುವುದಿಲ್ಲ, ಹಳೆಯ ದರವೇ ಮುಂದುವರಿಯುತ್ತದೆ. ಮಾತುಕತೆ ಮುರಿದರೂ ಮುಷ್ಕರಕ್ಕೆ ಇಳಿಯುವಂತಿಲ್ಲ. ಮಧ್ಯಸ್ಥಿಕೆ ಮಂಡಳಿ ‘ಇನ್ನು ನಮ್ಮಿಂದಾಗದು’ ಎಂದು ಬಿಡುಗಡೆ ಮಾಡಬೇಕು, ಆಮೇಲೆ 30 ದಿನ ಕಾಯಬೇಕು. ಆ ಬಿಡುಗಡೆಗೆ ಗಡುವೇ ಇಲ್ಲ. ಬೆಲೆ ಏರುತ್ತಿರುವ ಕಾಲದಲ್ಲಿ ಹೀಗೆ ಎಳೆದಷ್ಟೂ ಲಾಭ ಯಾರಿಗೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

2001ರ ಸೆಪ್ಟೆಂಬರ್ ದಾಳಿಯ ನಂತರ ಆ ದೇಶದ ಕಂಪನಿಗಳು ಒಂದರ ಹಿಂದೊಂದು ಕುಸಿದವು. ಅಮೆರಿಕನ್ ಏರ್‌ಲೈನ್ಸ್ 2003ರಲ್ಲಿ ದಿವಾಳಿ ತಪ್ಪಿಸಬೇಕಾದರೆ ವರ್ಷಕ್ಕೆ 180 ಕೋಟಿ ಡಾಲರ್ ಬಿಟ್ಟುಕೊಡಿ ಎಂದು ತನ್ನ ನೌಕರರನ್ನು ಕೇಳಿತು. ಗಗನಸಖಿಯರು ಮೊದಲು ನಿರಾಕರಿಸಿ, ಮತದಾನದ ಅವಧಿ ವಿಸ್ತರಿಸಿದ ಮೇಲೆ ಅಲ್ಪ ಅಂತರದಲ್ಲಿ ಒಪ್ಪಿದರು. ಆ ಹೊತ್ತಿಗೇ ಬಯಲಾದದ್ದೇನೆಂದರೆ, ಮೇಲಧಿಕಾರಿಗಳು ತಮಗೆ ಬೋನಸ್ಸನ್ನೂ, ದಿವಾಳಿಯಾದರೂ ಯಾರೂ ಮುಟ್ಟಲಾಗದಂತಹ ಪಿಂಚಣಿ ನಿಧಿಯನ್ನೂ ಮಾಡಿಕೊಂಡಿದ್ದರು. ಗದ್ದಲವೆದ್ದಿತು, ಮುಖ್ಯಸ್ಥ ಡೊನಾಲ್ಡ್ ಕಾರ್ಟಿ ಅದೇ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು. ಕಡಿತ ಮಾತ್ರ ಉಳಿಯಿತು. ಇಷ್ಟಾಗಿಯೂ 2011ರಲ್ಲಿ ಕಂಪನಿ ದಿವಾಳಿ ನ್ಯಾಯಾಲಯದ ಮೆಟ್ಟಿಲೇರಿತು. ಯುನೈಟೆಡ್‌ನದು ಇನ್ನೂ ಕಹಿ. 2002ರ ಡಿಸೆಂಬರ್‌ನಲ್ಲಿ ದಿವಾಳಿ ರಕ್ಷಣೆ ಪಡೆದ ಅದು, ಸಂಬಳ ಕಡಿತದ ಮೇಲೆ 2005ರಲ್ಲಿ ಪಿಂಚಣಿ ಯೋಜನೆಗಳನ್ನೇ ಕಳಚಿಹಾಕಿತು. ಸುಮಾರು 660 ಕೋಟಿ ಡಾಲರ್ ಹೊಣೆ ಸರ್ಕಾರಿ ವಿಮಾ ನಿಗಮದ ಹೆಗಲಿಗೆ ಬಿತ್ತು.

ಇವನ್ನು ಓದುವಾಗ ನನಗೆ ನೆನಪಾಗುವುದು ಒಂದು ಕಾರ್ಬನ್ ಕಾಗದ. ಯೌವನದಲ್ಲಿ ನಾನು ಗಿರಣಿ ಸಂಘದ ಕಚೇರಿಯಲ್ಲಿ ಬರವಣಿಗೆಯ ಕೆಲಸ ಮಾಡುತ್ತಿದ್ದೆ. ಗಿರಣಿಯ ಹೆಸರು ಬೇಡ. ಆರು ತಿಂಗಳ ಮಟ್ಟಿಗೆ ತುಟ್ಟಿಭತ್ಯೆ ಬಿಟ್ಟುಕೊಡುವ ರಾಜಿ ಪತ್ರವನ್ನು ಮೂರು ಪ್ರತಿ ತೆಗೆದವನು ನಾನೇ. ‘ಪರಿಸ್ಥಿತಿ ಸುಧಾರಿಸಿದ ನಂತರ ಪರಿಶೀಲಿಸಲಾಗುವುದು’ ಎಂಬ ಸಾಲನ್ನು ಒತ್ತಿ ಒತ್ತಿ ಬರೆದೆ, ಮೂರನೆಯ ಪ್ರತಿಯಲ್ಲಿ ಅಕ್ಷರ ಮೂಡಲೆಂದು. ಸುಧಾರಿಸಿತೆಂದು ತೀರ್ಮಾನಿಸುವವರು ಯಾರು, ಯಾವ ಲೆಕ್ಕಪುಸ್ತಕ ನೋಡಿ, ಯಾವ ತಾರೀಖಿನೊಳಗೆ ಎಂಬುದನ್ನು ನಾನೂ ಕೇಳಲಿಲ್ಲ, ಮುಖಂಡರೂ ಕೇಳಲಿಲ್ಲ. ಆ ತುಟ್ಟಿಭತ್ಯೆ ಯಾರ ಕೈಗೂ ಬರಲಿಲ್ಲ.

ನಷ್ಟದ ಕಾಲದಲ್ಲಿ ನೌಕರ ಬಿಟ್ಟುಕೊಡುವ ಸಂಬಳ ಕೈಗಡ. ಬ್ಯಾಂಕು ಕೊಟ್ಟ ಸಾಲಕ್ಕೆ ಬಡ್ಡಿಯಿದೆ, ಜಾಮೀನಿದೆ, ವಿಮಾನ ಬಾಡಿಗೆಗೆ ಕೊಟ್ಟವರಿಗೆ ವಿಮಾನವನ್ನೇ ವಾಪಸ್ ಒಯ್ಯುವ ಹಕ್ಕಿದೆ; ಗಗನಸಖಿ ಕೊಟ್ಟ ಸಾಲಕ್ಕೆ ಪತ್ರವೇ ಇಲ್ಲ. ಆದ್ದರಿಂದ ಕಡಿತ ಬೇಡವೇ ಬೇಡ ಎಂದು ಹಟ ಹಿಡಿಯುವುದಕ್ಕಿಂತ, ಕೊಡುವುದನ್ನು ಸಾಲವೆಂದು ಬರೆಸಿಕೊಳ್ಳುವುದೇ ಸಂಘದ ಮುಖ್ಯ ಕೆಲಸವೆಂದು ನಾನು ತಿಳಿದಿದ್ದೇನೆ. ಸಂಘದ ಲೆಕ್ಕಿಗರಿಗೆ ಕಂಪನಿಯ ಪುಸ್ತಕ ತೆರೆಯಬೇಕು. ಮೇಲಧಿಕಾರಿಗಳ ಸಂಬಳಕ್ಕೂ ಅದೇ ಪ್ರಮಾಣದ ಕತ್ತರಿ ಬೀಳಬೇಕು. ಇಂತಿಷ್ಟು ತ್ರೈಮಾಸಿಕ ಲಾಭ ಬಂದೊಡನೆ ಹಳೆಯ ದರ ಯಾರ ಅಪ್ಪಣೆಗೂ ಕಾಯದೆ ತಾನಾಗಿ ಮರಳಬೇಕು. ಈ ಕೊನೆಯ ಷರತ್ತಿಗಾಗಿ ಉಳಿದೆರಡನ್ನು ಬಿಡಬೇಕಾಗಿ ಬಂದರೂ ನಾನು ಬಿಡುತ್ತೇನೆ.

ಹೀಗೆ ಕೇಳುವ ಬಲ ಅವರಿಗೆಲ್ಲಿದೆ ಎಂದರೆ, ವಿಮಾನದ ಬಾಗಿಲಲ್ಲೇ ಇದೆ. ಪ್ರತಿ 50 ಸೀಟಿಗೆ ಒಬ್ಬರಂತೆ ಸಿಬ್ಬಂದಿ ಇಲ್ಲದೆ ವಿಮಾನ ಹಾರುವಂತಿಲ್ಲ. ಅವರು ಇರುವುದು ಚಹಾ ಕೊಡಲಿಕ್ಕಲ್ಲ, ಬೆಂಕಿ ಬಿದ್ದಾಗ 90 ಸೆಕೆಂಡಿನಲ್ಲಿ ಜನರನ್ನು ಹೊರಗೆ ಹಾಕಲಿಕ್ಕೆ. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಸಿಬ್ಬಂದಿ ಒಟ್ಟಾಗಿ ಅನಾರೋಗ್ಯದ ರಜೆ ಹಾಕಿದಾಗ ಹತ್ತಾರು ವಿಮಾನಗಳು ರದ್ದಾದವು. ಕಂಪನಿ ಸುಮಾರು 25 ಮಂದಿಯನ್ನು ವಜಾ ಮಾಡಿತು; ದಿಲ್ಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ಕುಳಿತ ಮೇಲೆ ವಾಪಸ್ ತೆಗೆದುಕೊಂಡಿತು. ಅಲ್ಲಿ ಸಂಘವಿತ್ತು, ಕುಳಿತುಕೊಳ್ಳಲು ಒಂದು ಮೇಜಿತ್ತು. ನಮ್ಮ ಬೀದಿಯ ಹುಡುಗಿಯ ಕಂಪನಿಯಲ್ಲಿ ಎರಡೂ ಇಲ್ಲ. ಕೋವಿಡ್ ಕಾಲದಲ್ಲಿ ಅವಳ ಸಂಬಳ ಕಡಿತವಾದದ್ದು ಒಂದು ಇಮೇಲಿನಿಂದ. ಆ ಇಮೇಲನ್ನು ಅವಳು ಅಳಿಸದೆ ಇಟ್ಟುಕೊಂಡಿದ್ದಾಳೆ, ನನಗೂ ಓದಿಸಿದಳು. ಅದರಲ್ಲಿ ‘ತಾತ್ಕಾಲಿಕ’ ಎಂಬ ಪದ ಎರಡು ಸಲ ಇದೆ, ತಾರೀಖು ಒಂದೂ ಇಲ್ಲ.